ಮೂರ್ನಾಡಿಗೆ ಬಂದ ಗೇಮಿಂಗ್ ಪೆಟ್ಟಿಗೆ

2024ರಲ್ಲಿ ರೋಬಸ್ಟಾ ಕಾಫಿಗೆ ನಮ್ಮಲ್ಲಿ ಯಾರೂ ಕಂಡಿರದ ಬೆಲೆ ಬಂತು. ಊರಲ್ಲಿ ಒಬ್ಬೊಬ್ಬರು ಒಂದೊಂದು ಮಾಡಿದರು. ಒಬ್ಬರು ಜೀಪು ಬದಲಿಸಿದರು, ಒಬ್ಬರು ಮನೆಯ ಹೆಂಚು ಬದಲಿಸಿದರು, ಇನ್ನೊಬ್ಬರು ಬ್ಯಾಂಕಿನ ಹಳೇ ಸಾಲ ತೀರಿಸಿ ಸುಮ್ಮನಾದರು. ನಾನು ಗೇಮಿಂಗ್ ಡೆಸ್ಕ್‌ಟಾಪ್ ತಗೊಂಡೆ. ನಲವತ್ತೆರಡು ವರ್ಷ ವಯಸ್ಸು, ಒಂಬತ್ತನೇ ಕ್ಲಾಸಿನ ಮಗಳು ಬೇರೆ ಇದ್ದಾಳೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ. ನೆಂಟರ ಹತ್ತಿರ ಮಗಳ ಓದಿಗೆ ಎಂದು ಹೇಳಿದ್ದೇನೆ. ಓದಿಗೆ ಅದರ ಕಾಲು ಭಾಗದ ದುಡ್ಡಿನದು ಸಾಕಿತ್ತು ಎಂದು ಅವರಿಗೂ ಗೊತ್ತು.

ಹೆಂಡತಿಗೆ ಮಾತ್ರ ಸುಳ್ಳು ಹೇಳಲು ಹೋಗಲಿಲ್ಲ. ಅವಳು ಮೂರು ಮಳೆಗಾಲದಿಂದ ಬಟ್ಟೆ ಒಣಗಿಸುವ ಮೆಷಿನ್ ಕೇಳುತ್ತಿದ್ದಳು. ಕೊಡಗಿನ ಮಳೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಒಗೆದ ಜೀನ್ಸ್ ಪ್ಯಾಂಟು ಆಗಸ್ಟಿನಲ್ಲೂ ತಣ್ಣಗೇ ಇರುತ್ತದೆ. "ನಿಮ್ಮ ಆಟಕ್ಕೆ ಎರಡು ಲಕ್ಷ ಇದೆ, ನಮ್ಮ ಬಟ್ಟೆಗೆ ಇಲ್ಲ ಅಲ್ವಾ?" ಎಂದಳು. ಉತ್ತರ ಇರಲಿಲ್ಲ. ಮುಂದಿನ ಬೆಳೆಗೆ ಖಂಡಿತ ಎಂದೆ.

ಆಟದ ಹುಚ್ಚು ಹಳೆಯದು. ಮೈಸೂರಿನಲ್ಲಿ ಓದುವಾಗ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಸೈಬರ್ ಕೆಫೆಯಲ್ಲಿ ಕೂತವನು ನಾನು. ಆಮೇಲೆ ತೋಟ, ಕಣ, ಆಳುಗಳ ಲೆಕ್ಕ. ಮಧ್ಯೆ ಒಂದು ಲ್ಯಾಪ್‌ಟಾಪ್ ಇತ್ತು. ಹೊಸ ಆಟ ಹಾಕಿದರೆ ಅದರ ಫ್ಯಾನು ಗಿರಣಿಯ ಹಾಗೆ ಕೂಗುತ್ತಿತ್ತು.

ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ವಿಷಯ ಹೇಳಿದ್ದೇ ತಪ್ಪಾಯಿತು. "ಅಣ್ಣ, ಕಂಪನಿದು ತಗೋಬೇಡ. ಎಸ್.ಪಿ. ರೋಡಿಗೆ ಬಾ. ಒಂದೊಂದೇ ಪಾರ್ಟ್ ಆರಿಸಿ ನಾನೇ ಜೋಡಿಸಿ ಕೊಡ್ತೇನೆ. ಇಪ್ಪತ್ತೈದು ಸಾವಿರ ಉಳಿಯುತ್ತೆ" ಎಂದ. ಅವನು ಹೇಳಿದ್ದು ಸರಿಯೇ. ಅದೇ ಪ್ರೊಸೆಸರ್, ಚಿತ್ರ ಮೂಡಿಸುವ ಅದೇ ಗ್ರಾಫಿಕ್ಸ್ ಕಾರ್ಡ್ ಬಿಡಿಬಿಡಿಯಾಗಿ ತಗೊಂಡರೆ ಅಗ್ಗ. ದೊಡ್ಡ ಕಂಪನಿಗಳ ಡೆಸ್ಕ್‌ಟಾಪಿನಲ್ಲಿ ಇನ್ನೊಂದು ಕಿರಿಕಿರಿಯೂ ಇದೆ. ಕೆಲವದರಲ್ಲಿ ಎಲ್ಲ ಭಾಗ ಕೂರುವ ಮದರ್‌ಬೋರ್ಡಿನ ಆಕಾರ ಅವರದ್ದೇ, ಪವರ್ ಸಪ್ಲೈನ ಪಿನ್ನು ಅವರದ್ದೇ. ನಾಲ್ಕು ವರ್ಷದ ಮೇಲೆ ಬೋರ್ಡ್ ಸುಟ್ಟರೆ ಅಂಗಡಿಯ ಸಾಮಾನ್ಯ ಬೋರ್ಡ್ ಅದರೊಳಗೆ ಕೂರುವುದಿಲ್ಲ.

ಆದರೆ ಅವನು ಇರುವುದು ಬೆಂಗಳೂರಿನಲ್ಲಿ. ನಾನು ಇರುವುದು ಮೂರ್ನಾಡಿನಿಂದ ನಾಲ್ಕು ಕಿಲೋಮೀಟರ್ ಒಳಗೆ. ಬಿಡಿ ಭಾಗ ತಗೊಂಡರೆ ಒಂದೊಂದಕ್ಕೆ ಒಂದೊಂದು ವಾರಂಟಿ. ಕಾರ್ಡ್ ಹೋದರೆ ಒಬ್ಬರ ಸರ್ವಿಸ್ ಸೆಂಟರ್, ಬೋರ್ಡ್ ಹೋದರೆ ಇನ್ನೊಬ್ಬರದು. ಎರಡರಲ್ಲಿ ಯಾವುದು ಹೋಗಿದೆ ಎಂದು ಮೊದಲು ನಾನೇ ಕಂಡುಹಿಡಿಯಬೇಕು. ಜುಲೈ ತಿಂಗಳಲ್ಲಿ, ಕರೆಂಟಿಲ್ಲದ ಮನೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ರೈಲೂ ಇಲ್ಲ. ಏನೇ ಕಳಿಸಬೇಕಾದರೂ ಕೊರಿಯರ್, ಇಲ್ಲವೇ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಬೇಕು. ನನಗೆ ಬೇಕಾದದ್ದು ಕೆಟ್ಟಾಗ ಮನೆಗೆ ಬರುವ ಒಬ್ಬ ಮನುಷ್ಯ. ಆ ಇಪ್ಪತ್ತೈದು ಸಾವಿರವನ್ನು ಅವನಿಗೆ ಮುಂಗಡ ಕೊಟ್ಟ ಬಸ್‌ಚಾರ್ಜ್ ಎಂದುಕೊಂಡೆ.

ಯಾವ ಕಂಪನಿ ಎಂದು ಹೇಳುವುದಿಲ್ಲ. ಆಫೀಸು, ಶಾಲೆ, ಬ್ಯಾಂಕಿನಲ್ಲೆಲ್ಲ ಕಾಣುವ ದೊಡ್ಡ ಹೆಸರೇ.

ಅವರ ವೆಬ್‌ಸೈಟಿನಲ್ಲಿ ಎರಡು ಬಗೆ ಇತ್ತು. ಮೊದಲೇ ಜೋಡಿಸಿಟ್ಟದ್ದಾದರೆ ಒಂದು ವಾರದಲ್ಲಿ ಬರುತ್ತದೆ. ನಮಗೆ ಬೇಕಾದ ಹಾಗೆ ಆರಿಸಿದರೆ ಮೂರು ನಾಲ್ಕು ವಾರ. ನಾನು ಎರಡನೆಯದಕ್ಕೆ ಹೋದೆ. ಇಂಟೆಲ್ ಕೋರ್ ಐ7-14700ಎಫ್ ಪ್ರೊಸೆಸರ್. ಇಪ್ಪತ್ತು ಕೋರ್, ಅದರಲ್ಲಿ ಎಂಟು ದೊಡ್ಡವು, ಹನ್ನೆರಡು ಚಿಕ್ಕವು. ಎನ್‌ವಿಡಿಯಾ ಆರ್‌ಟಿಎಕ್ಸ್ 4070 ಸೂಪರ್ ಕಾರ್ಡ್, 12 ಜಿಬಿ. ಆ ವರ್ಷ ಜನವರಿಯಲ್ಲಷ್ಟೇ ಬಂದದ್ದು. 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ. ಇದಕ್ಕಿಂತ ಮೇಲಿನ ಕಾರ್ಡಿಗೆ ಆಸೆ ಇರಲಿಲ್ಲ ಎಂದಲ್ಲ. 4090ಕ್ಕೆ ಒಂದಕ್ಕೇ 450 ವ್ಯಾಟ್ ಬೇಕು. ನಮ್ಮ ಮನೆಯ ವೈರಿಂಗ್ ಅಜ್ಜನ ಕಾಲದ್ದು. 4070 ಸೂಪರ್ 220 ವ್ಯಾಟ್‌ನಲ್ಲಿ ಕೆಲಸ ಮುಗಿಸುತ್ತದೆ.

ಬೆಲೆ ಒಂದು ಲಕ್ಷದ ತೊಂಬತ್ತೈದು ಸಾವಿರ ತೋರಿಸುತ್ತಿತ್ತು. ಅಲ್ಲೇ ಕಾರ್ಡ್ ಒತ್ತಿ ದುಡ್ಡು ಕಟ್ಟಬೇಡಿ, ಮೊದಲು ಫೋನ್ ಮಾಡಿ ಎಂದು ಯಾರೋ ಹೇಳಿದ್ದರು. ಮಾಡಿದೆ. ಮೊದಲು ಹಿಂದಿ, ಆಮೇಲೆ ಇಂಗ್ಲಿಷು, ಕೊನೆಗೆ "ಸರ್, ಕನ್ನಡ ಮಾತಾಡ್ರಿ" ಎಂದ ಹುಡುಗ ಸಿಕ್ಕಿದ. ಉತ್ತರ ಕರ್ನಾಟಕದ ಕಡೆಯವನು.

"ಯಾವ ಊರು ಸರ್?"

"ಕೊಡಗು."

"ಓ, ಕೂರ್ಗ್! ಹೋಮ್‌ಸ್ಟೇ ಐತೇನ್ರಿ ಸರ್?"

ಇಲ್ಲಪ್ಪ, ಬರೀ ತೋಟ ಎಂದೆ. ಸ್ವಲ್ಪ ನಿರಾಸೆಯಾಯಿತು ಅವನಿಗೆ. ಆಮೇಲೆ ನನ್ನ ಪ್ರಶ್ನೆಗಳು ಶುರುವಾದವು. ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. 16 ಜಿಬಿ ರ‍್ಯಾಮ್ ಒಂದೇ ಪಟ್ಟಿಯಾ, ಎಂಟೆಂಟರ ಎರಡಾ? ಒಂದೇ ಪಟ್ಟಿ ಹಾಕಿದರೆ ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ದಾರಿ ಅರ್ಧವಾಗುತ್ತದೆ, ಆಟದಲ್ಲಿ ಅದು ಗೊತ್ತಾಗುತ್ತದೆ. ಪವರ್ ಸಪ್ಲೈ ಎಷ್ಟು ವ್ಯಾಟ್? ಅದರ ಮೇಲೆ 100ರಿಂದ 240 ವೋಲ್ಟ್ ಎಂದಿದೆಯಾ, ಬರೀ 200ರಿಂದ 240 ಎಂದಿದೆಯಾ? ವೋಲ್ಟೇಜ್ ಇಳಿದರೆ ತಡೆಯುವುದು ಮೊದಲನೆಯದೇ. ನಾನೇ ಇನ್ನೊಂದು ರ‍್ಯಾಮ್ ಹಾಕಿದರೆ ವಾರಂಟಿ ಹೋಗುತ್ತದಾ?

ಹುಡುಗನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡ, ಅದು ಇಷ್ಟವಾಯಿತು. ಎರಡು ದಿನ ಬಿಟ್ಟು ಫೋನ್ ಮಾಡಿದ. ರ‍್ಯಾಮ್ ಒಂದೇ ಪಟ್ಟಿ. ಎರಡು ಬೇಕೆಂದರೆ 32 ಜಿಬಿಗೆ ಹೋಗಬೇಕು, ಅದಕ್ಕೆ ಅವರ ಬೆಲೆ ಹೊರಗಿನ ಬೆಲೆಯ ಎರಡರಷ್ಟು. ಪವರ್ ಸಪ್ಲೈ 750 ವ್ಯಾಟ್, 100ರಿಂದ 240 ವೋಲ್ಟ್. ಹೊರಗಿನ ರ‍್ಯಾಮ್ ಹಾಕಬಹುದು, ಹಾಕುವಾಗ ಏನಾದರೂ ಮುರಿದರೆ ಅದು ನಮ್ಮ ತಲೆ ಮೇಲೆ. "ಇದನ್ನು ಇಮೇಲಿನಲ್ಲಿ ಬರೆದು ಕಳಿಸಿ" ಎಂದೆ. ಕಳಿಸಿದ. ಇದು ಮುಂದೆ ಎಷ್ಟು ಕೆಲಸಕ್ಕೆ ಬಂತು ಎಂದರೆ, ಏನೇ ದೊಡ್ಡದು ತಗೊಂಡರೂ ಈಗ ನಾನು ಇಮೇಲ್ ಕೇಳಿಯೇ ಕೇಳುತ್ತೇನೆ.

ಆಮೇಲೆ ಮುಖ್ಯ ಪ್ರಶ್ನೆ. "ಕೆಟ್ಟರೆ ಮನೆಗೆ ಬರ್ತೀರಾ?"

"ಬರ್ತೀವಿ ಸರ್. ಮೂರು ವರ್ಷದ ಪ್ಲಾನ್ ತಗೊಂಡ್ರ ಮರುದಿನಾನ ಮನಿಗೆ ಬರ್ತಾರ."

"ನಮ್ಮ ಪಿನ್‌ಕೋಡ್ ಹಾಕಿ ನೋಡಿ."

ಕೀಬೋರ್ಡ್ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಸುಮ್ಮನಿದ್ದ. "ಬರ್ತಾರ ಸರ್. ಮರುದಿನ ಅಂತ ಇಲ್ಲ. ಒಂದೆರಡು ದಿನ ಜಾಸ್ತಿ ಆಗಬಹುದು." ಮನೆಗೆ ಬರುವುದನ್ನೂ ಇಮೇಲಿನಲ್ಲಿ ಬರೆಸಿಕೊಂಡೆ. ಒಂದೆರಡು ದಿನ ಎಂದರೆ ಎಷ್ಟು ಎಂದು ಮಾತ್ರ ನಾನೂ ಒತ್ತಿ ಕೇಳಲಿಲ್ಲ. ಆಸೆ ಹಾಗೆ ಮಾಡಿಸುತ್ತದೆ.

ಚೌಕಾಸಿ ಮಾಡಿದ ಮೇಲೆ ಒಂದು ಲಕ್ಷದ ಎಂಬತ್ತಾರು ಸಾವಿರಕ್ಕೆ ನಿಂತಿತು. ಅದರಲ್ಲಿ ಇಪ್ಪತ್ತೆಂಟು ಸಾವಿರ ಚಿಲ್ಲರೆ ಜಿಎಸ್‌ಟಿಯೇ. ಕಂಪ್ಯೂಟರಿಗೆ ನೂರಕ್ಕೆ ಹದಿನೆಂಟು. ಮಾನಿಟರ್ ಬೇರೆ ತಗೊಂಡೆ, 27 ಇಂಚಿನದು, ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವಂಥದ್ದು, ಅಂದರೆ 165 ಹರ್ಟ್ಜ್‌.

ಬರುವುದಕ್ಕೆ ಮೂರು ವಾರ ಇತ್ತಲ್ಲ, ಅಷ್ಟರಲ್ಲಿ ಕರೆಂಟಿನ ಕಡೆ ನೋಡೋಣ ಎಂದು ನಮ್ಮೂರ ಎಲೆಕ್ಟ್ರಿಷಿಯನ್‌ನನ್ನು ಕರೆದೆ. ನನಗೆ ಒಂದು ಅನುಮಾನ ಮೊದಲಿನಿಂದಲೂ ಇತ್ತು. ಹಳೇ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಅಂಗೈಯನ್ನು ಮುಚ್ಚಳದ ಮೇಲೆ ಸವರಿದರೆ ಜುಂ ಎನ್ನುತ್ತಿತ್ತು. ಫ್ರಿಜ್ಜಿನ ಬಾಗಿಲೂ ಹಾಗೆಯೇ. ಅಮ್ಮ ಫ್ರಿಜ್ಜು ತೆಗೆಯುವಾಗ ಚಪ್ಪಲಿ ಹಾಕಿಕೊಳ್ಳುವುದು ಎಷ್ಟೋ ವರ್ಷದ ಅಭ್ಯಾಸ. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಅವನು ಮೀಟರ್ ಹಿಡಿದು ಸಾಕೆಟ್ಟಿನ ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಅಳೆದ. ಎರಡು ಮೂರು ವೋಲ್ಟಿನ ಒಳಗಿರಬೇಕಂತೆ. ನಮ್ಮದು ನಲವತ್ತರ ಹತ್ತಿರ. "ಅಣ್ಣ, ನಿಮ್ಮ ಮನೆಗೆ ಅರ್ತೇ ಇಲ್ಲ" ಎಂದ. ಗುಂಡಿ ಎಲ್ಲಿದೆ ಎಂದು ಹುಡುಕಿದೆವು. ಬಚ್ಚಲಿನ ಹಿಂದೆ, ಕಾಫಿ ಗಿಡದ ಬುಡದಲ್ಲಿ, ತುಕ್ಕು ತಿಂದು ಬೆರಳಷ್ಟು ಉಳಿದಿದ್ದ ಕಬ್ಬಿಣದ ಪೈಪು. ಅಜ್ಜ ಹಾಕಿಸಿದ್ದಿರಬೇಕು. ಹೊಸ ಗುಂಡಿ ತೋಡಿಸಿದೆವು. ಎಂಟು ಅಡಿ ಆಳ. ತೋಟದ ಇಬ್ಬರು ಒಂದು ದಿನ ಪೂರ್ತಿ ಅಗೆದರು. ಜಿಐ ಪೈಪು ಇಳಿಸಿ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ತುಂಬಿದರು. ಉಪ್ಪಿನ ಮೂಟೆ ನೋಡಿ ಅಮ್ಮ "ಯಾರಿಗೆ ಮಗ ಇಷ್ಟು ಉಪ್ಪಿನಕಾಯಿ?" ಎಂದರು. ಮಳೆಗಾಲದಲ್ಲಿ ನೆಲ ಒದ್ದೆ ಇರುತ್ತದೆ, ಚಿಂತೆಯಿಲ್ಲ, ಫೆಬ್ರವರಿ ಮಾರ್ಚಿನಲ್ಲಿ ವಾರಕ್ಕೊಂದು ಬಕೆಟ್ ನೀರು ಹಾಕಿ ಎಂದು ಹೇಳಿಹೋದ. ಮೇಲಿನ ಕೋಣೆಗೆ ಮೀಟರ್ ಬೋರ್ಡಿನಿಂದ ಬೇರೆಯೇ ದಪ್ಪ ವೈರ್ ಎಳೆದ. ಎಲ್ಲ ಸೇರಿ ಒಂಬತ್ತು ಸಾವಿರ. ಈಗ ಅಮ್ಮ ಬರಿಗಾಲಿನಲ್ಲಿ ಫ್ರಿಜ್ಜು ತೆಗೆಯುತ್ತಾರೆ. ನಿಜ ಹೇಳಬೇಕೆಂದರೆ ಈ ಇಡೀ ವ್ಯವಹಾರದಲ್ಲಿ ಅತಿ ಒಳ್ಳೆಯ ಖರ್ಚು ಅದೇ.

ಆರ್ಡರ್ ಕೊಟ್ಟ ಹತ್ತೊಂಬತ್ತನೇ ದಿನ, ಜೂನ್ ಕೊನೆಯಲ್ಲಿ, ಕೊರಿಯರಿನವನು ಫೋನ್ ಮಾಡಿದ. ಗಾಡಿ ಮೂರ್ನಾಡಿಗೆ ಬರುವುದಿಲ್ಲ, ಮಡಿಕೇರಿಗೆ ಬಂದು ತಗೊಂಡು ಹೋಗಿ ಎಂದ. ಮನೆಗೇ ತಲುಪಿಸಲು ದುಡ್ಡು ತಗೊಂಡಿದ್ದಾರೆ ಎಂದು ವಾದಿಸಿದೆ. "ನೀವು ಬರದಿದ್ದರೆ ನಾಳೆ ವಾಪಸ್ ಮೈಸೂರಿಗೆ ಹೋಗುತ್ತೆ ಸರ್" ಎಂದ. ವಾದ ಮುಗಿಯಿತು. ಜೀಪು ತೆಗೆದೆ. ಮಗಳಿಗೆ ಮಳೆ ರಜೆ, ಅವಳೂ ಹತ್ತಿದಳು. ಜಡಿಮಳೆ. ಪೆಟ್ಟಿಗೆ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು, ಇಪ್ಪತ್ತು ಕಿಲೋ ಮೇಲೆ. ಕಣದಲ್ಲಿ ಕಾಫಿಗೆ ಹೊದಿಸುವ ಟಾರ್ಪಾಲು ಸುತ್ತಿದೆವು. ಹಿಂದಿನ ಸೀಟಿನಲ್ಲಿ ಅದನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಮಗಳು ದಾರಿಯುದ್ದ ತಬ್ಬಿಕೊಂಡು ಬಂದಳು. ತಿರುವು ಬಂದಾಗಲೆಲ್ಲ "ಅಪ್ಪ, ನಿಧಾನ" ಎನ್ನುತ್ತಿದ್ದಳು. ನನ್ನ ಜೊತೆ ಆಸ್ಪತ್ರೆಯಿಂದ ಅವಳನ್ನು ಮೊದಲ ಸಲ ಕರೆತಂದಾಗ ಅವಳಮ್ಮ ಹೇಳಿದ್ದೂ ಅದೇ.

ಮನೆಗೆ ತಂದ ಕೂಡಲೇ ತೆಗೆಯಲಿಲ್ಲ. ತಣ್ಣಗಿನ ಲೋಹಕ್ಕೆ ಬೆಚ್ಚಗಿನ ಕೋಣೆಯ ತೇವ ಹಿಡಿದರೆ ಒಳಗೆ ನೀರು ಕೂರುತ್ತದೆ. ಒಂದು ರಾತ್ರಿ ಹಾಗೆಯೇ ಬಿಟ್ಟೆವು. ಮಗಳಿಗೆ ನಿದ್ದೆ ಬರಲಿಲ್ಲ. ನನಗೂ. ಬೆಳಿಗ್ಗೆ ಅವಳು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದಂತೆ ಟೇಪು ಕತ್ತರಿಸಿದೆ. ಒಡೆದದ್ದು ಬಂದಿದ್ದರೆ ಸಾಕ್ಷಿಗೆ ಎಂದು ಬೆಂಗಳೂರಿನ ತಮ್ಮ ಹೇಳಿಕೊಟ್ಟ ಉಪಾಯ. ಖಾಲಿ ರಟ್ಟಿನ ಪೆಟ್ಟಿಗೆ, ಥರ್ಮಾಕೋಲು ಬಿಸಾಡಬಾರದಂತೆ, ವಾಪಸ್ ಕಳಿಸಬೇಕಾದರೆ ಬೇಕಾಗುತ್ತದೆ. ಮಳೆಗಾಲದಲ್ಲಿ ರಟ್ಟು ಎಲ್ಲಿಟ್ಟರೂ ಬೂಸ್ಟು. ಅಡುಗೆಮನೆಯ ಒಲೆಯ ಮೇಲಿನ ಅಟ್ಟ ಒಂದೇ ಒಣಗಿದ ಜಾಗ. ಅಲ್ಲಿಟ್ಟೆವು. ಈಗ ಆ ಪೆಟ್ಟಿಗೆಗೆ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ವಾಸನೆ ಬಂದಿದೆ. ವಾಪಸ್ ಕಳಿಸುವ ಪ್ರಸಂಗ ಬಂದರೆ ಸರ್ವಿಸ್ ಸೆಂಟರಿನವರು ಸಂತೋಷಪಟ್ಟಾರು.

ಮೊದಲ ಸಲ ಸ್ವಿಚ್ ಒತ್ತಿದಾಗ ಫ್ಯಾನು ತಿರುಗಿತು, ಒಳಗೆ ನೀಲಿ ದೀಪ ಹತ್ತಿತು, ಮಾನಿಟರಿನಲ್ಲಿ "ನೋ ಸಿಗ್ನಲ್". ಎದೆ ಧಸಕ್ ಎಂದಿತು. ಕೇಬಲ್ ಬಿಚ್ಚಿ ಹಾಕಿದೆ, ಮತ್ತೆ ಅದೇ. ಹಿಂದೆ ಬಗ್ಗಿ ನೋಡುತ್ತಿದ್ದ ಮಗಳು "ಅಪ್ಪ, ಕೆಳಗೆ ಅಡ್ಡ ಇರೋದಕ್ಕೆ ಹಾಕು" ಎಂದಳು. ನಾನು ಮದರ್‌ಬೋರ್ಡಿನ ತೂತಿಗೆ ಚುಚ್ಚಿದ್ದೆ. ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಇದ್ದರೆ ಅದರೊಳಗೆ ಚಿತ್ರ ತೋರಿಸುವ ಭಾಗವೇ ಇರುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ ತೂತಿಗೇ ಕೇಬಲ್ ಹಾಕಬೇಕು. ಎರಡು ತಿಂಗಳು ಓದಿ ಆರಿಸಿದವನು ನಾನು.

ವಿಂಡೋಸ್ 11 ಹೋಮ್ ಶುರುವಿಗೇ ಇಂಟರ್ನೆಟ್ ಕೇಳುತ್ತದೆ. ಆ ದಿನ ಮರ ಬಿದ್ದು ಫೈಬರ್ ಕೇಬಲ್ ತುಂಡಾಗಿತ್ತು. ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿ, ಅದರಿಂದ ಹಾಟ್‌ಸ್ಪಾಟ್ ಕೊಟ್ಟು ಹೇಗೋ ದಾಟಿಸಿದೆವು. ಫೈಬರ್ ಸರಿಯಾದ ಮೇಲೆ ಮೊದಲ ಆಟ ಡೌನ್‌ಲೋಡಿಗೆ ಹಾಕಿದೆ. ನೂರು ಜಿಬಿ. ನಮ್ಮ ನಲವತ್ತು ಎಂಬಿಪಿಎಸ್ ಸಂಪರ್ಕಕ್ಕೆ ಐದೂವರೆ ಗಂಟೆಯ ಲೆಕ್ಕ, ಕರೆಂಟು ಹೋಗದಿದ್ದರೆ. ಎರಡು ದಿನ ಹಿಡಿಯಿತು. ಇನ್ನೊಂದು ತಮಾಷೆ, 165 ಹರ್ಟ್ಜ್ ಮಾನಿಟರ್ ಎಷ್ಟು ನುಣುಪು ಎಂದು ಹತ್ತು ದಿನ ಎಲ್ಲರಿಗೂ ಹೇಳುತ್ತಿದ್ದೆ. ಆಮೇಲೆ ಸೆಟ್ಟಿಂಗ್ ತೆರೆದು ನೋಡಿದರೆ ಅದು 60ರಲ್ಲೇ ಓಡುತ್ತಿತ್ತು.

ಯುಪಿಎಸ್ ವಿಷಯದಲ್ಲಿ ದುಡ್ಡು ಕಳಕೊಂಡೆ. ಮನೆಗೆ ಇನ್ವರ್ಟರ್ ಇದೆ, ಆದರೆ ಅದು ಹಳೆಯದು. ಕರೆಂಟು ಹೋಗಿ ಅದು ಎದ್ದು ನಿಲ್ಲುವಷ್ಟರಲ್ಲಿ ಕಂಪ್ಯೂಟರ್ ಮಲಗಿ ಎದ್ದಿರುತ್ತದೆ. ಮಡಿಕೇರಿಯಲ್ಲಿ 600 ವಿಎ ಯುಪಿಎಸ್ ತಗೊಂಡೆ, ಅಂಗಡಿಯವನು ಎಲ್ಲರಿಗೂ ಇದೇ ಕೊಡುತ್ತೇನೆ ಎಂದ. ಆಟ ಆಡದೆ ಸುಮ್ಮನೆ ತೆರೆದಿಟ್ಟಾಗ ಸರಿಯಾಗಿತ್ತು. ಆಟದ ಮಧ್ಯೆ ಕರೆಂಟು ಹೋದಾಗ ಒಮ್ಮೆ ಕಿರುಚಿ ಎಲ್ಲವನ್ನೂ ಆರಿಸಿತು. ವಿಎ ಬೇರೆ, ವ್ಯಾಟ್ ಬೇರೆ. ಆ 600 ವಿಎ ಅಂದರೆ 360 ವ್ಯಾಟ್. ಆಟ ಆಡುವಾಗ ಕಾರ್ಡ್, ಪ್ರೊಸೆಸರ್, ಮಾನಿಟರ್ ಸೇರಿ ನಾನೂರು ದಾಟುತ್ತದೆ. ಆಮೇಲೆ ಪ್ಯೂರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನಂಥದೇ ನುಣುಪಾದ ಅಲೆ ಕೊಡುವ 1100 ವಿಎ ತರಿಸಿದೆ, 660 ವ್ಯಾಟ್. ಆಟ ಉಳಿಸಿ ಆರಿಸುವುದಕ್ಕೆ ಐದಾರು ನಿಮಿಷ ಸಿಗುತ್ತದೆ. ಅಷ್ಟೇ ಬೇಕಾದದ್ದು. ಹಳೆಯದು ಈಗ ಇಂಟರ್ನೆಟ್ ಪೆಟ್ಟಿಗೆಗೆ. ಗುಡುಗು ಬಂದರೆ ಮಾತ್ರ ಎಲ್ಲದರ ಪ್ಲಗ್ಗು ಕೀಳುತ್ತೇನೆ, ಇಂಟರ್ನೆಟ್ ಪೆಟ್ಟಿಗೆಯಿಂದ ಬರುವ ಕೇಬಲ್ಲೂ ಸೇರಿ. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಯಾವ ಯುಪಿಎಸ್ಸೂ ಲೆಕ್ಕಕ್ಕಿಲ್ಲ.

ಜುಲೈ ಮಧ್ಯದಲ್ಲಿ ಇನ್ನೊಂದು 16 ಜಿಬಿ ರ‍್ಯಾಮ್ ತರಿಸಿ ನಾನೇ ಹಾಕಿದೆ. ಸಲೀಸಾಗಿ ಕೂತಿತು. ಕೈ ಹೋಗಲು ಅಡ್ಡವಾಗಿದೆ ಎಂದು ಗ್ರಾಫಿಕ್ಸ್ ಕಾರ್ಡಿಗೆ ಆಸರೆಯಾಗಿದ್ದ ಒಂದು ಕಪ್ಪು ಪಟ್ಟಿ ಬಿಚ್ಚಿದ್ದೆ. ಅದನ್ನು ಕಿಟಕಿಯ ಕಟ್ಟೆ ಮೇಲೆ ಇಟ್ಟು ಮರೆತೆ. ಒಂದು ವಾರದಲ್ಲಿ ಮೇಲಿನ ಕೋಣೆಯ ಹೆಂಚು ಸೋರಲು ಶುರುವಾಯಿತು. ಮೇಜಿನ ಮೇಲೆ ತೊಟ್ಟಿಕ್ಕುವ ಮೊದಲೇ ಡೆಸ್ಕ್‌ಟಾಪನ್ನು ಎತ್ತಿ ಕೆಳಗಿನ ಕೋಣೆಗೆ ತಂದೆ. ಮೆಟ್ಟಿಲಿನಲ್ಲಿ ಒಮ್ಮೆ ಗೋಡೆಗೆ ತಾಗಿತು. ಕೆಳಗೆ ಹಾಕಿದರೆ ಫ್ಯಾನು ತಿರುಗುತ್ತದೆ, ಚಿತ್ರವಿಲ್ಲ. ಈ ಸಲ ಕೇಬಲ್ ಸರಿಯಾದ ತೂತಿನಲ್ಲೇ ಇತ್ತು.

ಜುಲೈ 26, ಶುಕ್ರವಾರ ಕಂಪನಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ. ಆ ಕಡೆಯಿಂದ ಪರದೆಯಲ್ಲಿ ಏನು ಕಾಣುತ್ತಿದೆ ಎಂದು ನಾಲ್ಕು ಸಲ ಕೇಳಿದರು. ಏನೂ ಕಾಣುತ್ತಿಲ್ಲ ಎಂಬುದೇ ದೂರು ಎಂದು ನಾಲ್ಕು ಸಲ ಹೇಳಿದೆ. ಕೊನೆಗೆ ಹತ್ತಿರದ ಸರ್ವಿಸ್ ಸೆಂಟರಿಗೆ ತನ್ನಿ ಎಂದರು. ಹತ್ತಿರದ್ದು ಯಾವುದು? ಮೈಸೂರು. ಮಡಿಕೇರಿಯಿಂದಲೇ ನೂರಿಪ್ಪತ್ತು ಕಿಲೋಮೀಟರ್. ಕೊಳ್ಳುವಾಗ ಫೋನಿನಲ್ಲಿ ಮಾತಾಡಿದ್ದ ಹುಡುಗನ ಇಮೇಲನ್ನು ಕಳಿಸಿದೆ. ಮನೆಗೆ ಬರುತ್ತಾರೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಅರ್ಧ ಗಂಟೆಯಲ್ಲಿ ದೂರಿನ ನಂಬರ್ ಬಂತು. ಪಾರ್ಟ್ ತರಿಸಿ ಮಂಗಳವಾರ ಕಳಿಸುತ್ತೇವೆ ಎಂದರು.

ಆ ಮಂಗಳವಾರ ಜುಲೈ 30. ಬೆಳಗಿನ ಜಾವ ವಯನಾಡಿನಲ್ಲಿ ಗುಡ್ಡ ಕುಸಿಯಿತು. ನಮಗೆ ಅದು ಪಕ್ಕದ ಜಿಲ್ಲೆ. ನಮ್ಮ ತೋಟದಲ್ಲಿ ಕೆಲಸ ಮಾಡುವ ಒಬ್ಬರ ಅಕ್ಕನನ್ನು ಆ ಕಡೆಗೇ ಕೊಟ್ಟಿದ್ದರು. ಅವರು ಕ್ಷೇಮ ಎಂದು ತಿಳಿಯಲು ಸಂಜೆಯಾಯಿತು. ನಮ್ಮ ಜಿಲ್ಲೆಯಲ್ಲೇ ಗುಡ್ಡ ಕುಸಿದ 2018ರ ಆಗಸ್ಟ್ ನೋಡಿದ ನಮ್ಮೂರವರಿಗೆ ಜೋರು ಮಳೆಯ ರಾತ್ರಿ ಈಗಲೂ ನಿದ್ದೆ ಬರುವುದಿಲ್ಲ. ಆ ವಾರ ಕಂಪ್ಯೂಟರ್ ಯಾಕೆ ಬರಲಿಲ್ಲ ಎಂದು ಫೋನ್ ಮಾಡಲು ನನಗೆ ಮನಸ್ಸಾಗಲಿಲ್ಲ. ಮಗಳೂ ಕೇಳಲಿಲ್ಲ.

ಟೆಕ್ನಿಷಿಯನ್ ಬಂದದ್ದು ಶನಿವಾರ, ಆಗಸ್ಟ್ 3. ಮೈಸೂರಿನಿಂದ ಬೈಕಿನಲ್ಲಿ, ಎರಡು ರೇನ್‌ಕೋಟ್ ಹಾಕಿಕೊಂಡು. ಬೆನ್ನಿನ ಚೀಲದಲ್ಲಿ ಪ್ಲಾಸ್ಟಿಕ್ ಸುತ್ತಿದ ಹೊಸ ಮದರ್‌ಬೋರ್ಡ್. ಇಪ್ಪತ್ತೈದು ವರ್ಷದ ಹುಡುಗ, ತುಟಿ ನೀಲಿಯಾಗಿತ್ತು. ಅಮ್ಮ ಮೊದಲು ಒಲೆಯ ಹತ್ತಿರ ಕೂರಿಸಿ ಕರಿಕಾಫಿ ಕೊಟ್ಟರು. ಆಮೇಲೆ ಡೆಸ್ಕ್‌ಟಾಪಿನ ಬದಿ ಬಿಚ್ಚಿದ. ಟಾರ್ಚ್ ಹಿಡಿದು ಒಳಗೆ ನೋಡಿ, ಒಂದು ಬೆರಳಿನಿಂದ ಗ್ರಾಫಿಕ್ಸ್ ಕಾರ್ಡಿನ ತುದಿಯನ್ನು ಮೇಲಕ್ಕೆ ಎತ್ತಿದ. ಕಾಲು ಇಂಚು ಜೋತಿತ್ತು.

"ಸರ್, ಇಲ್ಲೊಂದು ಸಪೋರ್ಟ್ ಇರಬೇಕಿತ್ತಲ್ಲ?"

ನಾನು ಏನೋ ಹೇಳಬೇಕು ಎನ್ನುವಷ್ಟರಲ್ಲಿ ಮಗಳು ಮೇಲಿನ ಕೋಣೆಗೆ ಓಡಿ ಕಿಟಕಿ ಕಟ್ಟೆಯಿಂದ ಕಪ್ಪು ಪಟ್ಟಿ ತಂದು ಅವನ ಕೈಗೆ ಕೊಟ್ಟಳು. ಕಾರ್ಡ್ ಕಿತ್ತು, ಅದರ ಹಲ್ಲನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸಿದ. ಪಟ್ಟಿ ಬಿಗಿದ. ಸ್ವಿಚ್ ಒತ್ತಿದ ಕೂಡಲೇ ಚಿತ್ರ ಬಂತು. ಒಟ್ಟು ಕೆಲಸ ಹತ್ತು ನಿಮಿಷ. ನೂರಿಪ್ಪತ್ತು ಕಿಲೋಮೀಟರ್ ನೆನೆದುಕೊಂಡು ಬಂದ ಹುಡುಗನ ಮುಂದೆ ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. "ಪರವಾಗಿಲ್ಲ ಸರ್, ತುಂಬಾ ಜನ ಹೀಗೇ ಮಾಡ್ತಾರೆ" ಎಂದ. ಅಷ್ಟೊಂದು ಜನ ಮಾಡಿರಲಾರರು. ಫಾರಂನಲ್ಲಿ ಅವನು "ಕಾರ್ಡ್ ಸಡಿಲವಾಗಿತ್ತು, ಸರಿಪಡಿಸಿದೆ" ಎಂದಷ್ಟೇ ಬರೆದ. ಯಾರು ಸಡಿಲ ಮಾಡಿದರು ಎಂದು ಬರೆಯಲಿಲ್ಲ.

ಅವತ್ತು ಕಕ್ಕಡ ತಿಂಗಳ 18. ನಮ್ಮ ಮನೆಯಲ್ಲಿ ಆಟಿ 18 ಎನ್ನುತ್ತೇವೆ. ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರುವ ದಿನ ಎಂದು ನಂಬಿಕೆ. ಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲಿ ಅಮ್ಮ ಪಾಯಸ ಮಾಡಿದ್ದರು. ಹುಡುಗ ಎರಡು ಬಟ್ಟಲು ಕುಡಿದ. ಅವನು ಬೈಕ್ ಹತ್ತುವಾಗ ಅಮ್ಮನಿಗೆ ಥಟ್ಟನೆ ನೆನಪಾಯಿತು. ಅಂಗಳಕ್ಕೆ ಇಳಿದು, "ನಾಳೆ ಒಂದಕ್ಕೆ ಹೋದಾಗ ಕೆಂಪಗೆ ಬಂದರೆ ಹೆದರಬೇಡ ಮಗ, ಅದು ಸೊಪ್ಪಿನದು" ಎಂದರು. ಹುಡುಗ ನನ್ನ ಮುಖ ನೋಡಿದ. ಹೌದು ಎಂದು ತಲೆಯಾಡಿಸಿದೆ. ಮರುದಿನ ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದು ಮೆಸೇಜು ಬಂತು: "ಸರ್, ಅಮ್ಮ ಹೇಳಿದ್ದು ನಿಜ."

ತಮ್ಮ ಈಗಲೂ ಬಿಡುವುದಿಲ್ಲ. "ಅದೇ ಕಾರ್ಡ್ ಒತ್ತೋಕೆ ಇಪ್ಪತ್ತೈದು ಸಾವಿರ ಕೊಟ್ಟೆ ಅಣ್ಣ" ಎನ್ನುತ್ತಾನೆ. ನಾನೇ ಜೋಡಿಸಿಕೊಂಡಿದ್ದರೆ ಆ ಪಟ್ಟಿ ಯಾಕಿದೆ ಎಂದು ನನಗೆ ಗೊತ್ತಿರುತ್ತಿತ್ತು ಎನ್ನುವುದೂ ಸರಿ. ಆದರೆ ಆ ಮಳೆಯಲ್ಲಿ ಅವನು ಬೆಂಗಳೂರಿನಿಂದ ಬರುತ್ತಿದ್ದನಾ ಎಂದು ನಾನು ಕೇಳಿದರೆ ಮಾತು ಬದಲಿಸುತ್ತಾನೆ.

ಆ ಆಗಸ್ಟಿನಲ್ಲೇ ಇನ್ನೊಂದು ಕೆಲಸ ಬಂತು. 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗುವ ತೊಂದರೆ ಇದೆ ಎಂದು ಇಂಟೆಲ್ ಒಪ್ಪಿಕೊಂಡು, ಅದಕ್ಕೆ ಹೊಸ ಮೈಕ್ರೋಕೋಡ್, ಅಂದರೆ ಪ್ರೊಸೆಸರಿನ ಒಳಗಿನ ಪ್ರೋಗ್ರಾಂ ಬಿಟ್ಟಿತು. ನನ್ನದಕ್ಕೆ ಏನೂ ಆಗಿರಲಿಲ್ಲ, ಆದರೂ ಹಾಕಿಕೊಳ್ಳುವುದು ಒಳ್ಳೆಯದು. ಅದು ಬರುವುದು ಬೋರ್ಡನ್ನು ಎಬ್ಬಿಸುವ ಮೂಲ ಪ್ರೋಗ್ರಾಂ ಆದ ಬಯೋಸ್ ಅಪ್‌ಡೇಟ್ ಆಗಿ. ಬಯೋಸ್ ಬರೆಯುವಾಗ ಕರೆಂಟು ಹೋದರೆ ಬೋರ್ಡೇ ಸಾಯಬಹುದು. ಕೊಡಗಿನಲ್ಲಿ, ಆಗಸ್ಟಿನಲ್ಲಿ! ಮಳೆ ಬಿಟ್ಟ ಒಂದು ಮಧ್ಯಾಹ್ನ, ಯುಪಿಎಸ್ ಪೂರ್ತಿ ತುಂಬಿಸಿ, ಲೈನಿನಲ್ಲಿ ಕೆಲಸ ಇದೆಯಾ ಎಂದು ಕರೆಂಟ್ ಆಫೀಸಿಗೆ ಫೋನ್ ಮಾಡಿ ಕೇಳಿ, ಆಮೇಲೆ ಒತ್ತಿದೆ. ಅಷ್ಟು ಹೊತ್ತು ಫ್ರಿಜ್ಜು ತೆಗೆಯಲೂ ಯಾರಿಗೂ ಬಿಡಲಿಲ್ಲ.

ಆಟಗಳ ಬಗ್ಗೆ ಹೇಳಲೇ ಇಲ್ಲ ಅಲ್ವಾ. ಗುಂಡು ಹಾರಿಸುವುದು, ಕಾರು ಓಡಿಸುವುದು ಎಲ್ಲ ಇವೆ. ಆದರೆ ನಾವಿಬ್ಬರೂ ಜಾಸ್ತಿ ಕೂರುವುದು ವಿಮಾನ ಹಾರಿಸುವ ಸಿಮ್ಯುಲೇಟರಿನಲ್ಲಿ. ಕಣ್ಣೂರಿನ ನಿಲ್ದಾಣದಿಂದ ಚಿಕ್ಕ ವಿಮಾನ ಎತ್ತಿ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿಸಿ ತಿರುಗಿಸಿದರೆ ಸ್ವಲ್ಪ ಹೊತ್ತಿನಲ್ಲಿ ಘಟ್ಟ ಎದುರಾಗುತ್ತದೆ. 1748 ಮೀಟರಿನ ತಡಿಯಂಡಮೋಳ್ ದಾಟಲು ಮೊದಮೊದಲು ಆಗುತ್ತಲೇ ಇರಲಿಲ್ಲ, ಮಗಳು ನಾಲ್ಕು ಸಲ ಬೆಟ್ಟಕ್ಕೆ ಗುದ್ದಿದಳು. ಐದನೇ ಸಲ ದಾಟಿ ನಮ್ಮ ಮನೆ ಹುಡುಕಿದೆವು. ಬರೀ ಹಸಿರು. ಸಿಲ್ವರ್ ಓಕ್ ಮರಗಳ ನಡುವೆ ನಮ್ಮ ಹೆಂಚು ಮುಚ್ಚಿಹೋಗಿತ್ತು. ಅಮ್ಮನನ್ನು ಕರೆದು ತೋರಿಸಿದರೆ, "ಸೋರುವ ಹೆಂಚು ಕಾಣಿಸುತ್ತದಾ ನೋಡು" ಎಂದರು.

ಒಂದು ಸಂಜೆ ಹಾರಾಟದ ಮಧ್ಯೆ ಕೋಣೆಯಲ್ಲಿ ಏನೋ ವಾಸನೆ. ವೈರ್ ಸುಟ್ಟಿತೇ ಎಂದು ಗಾಬರಿಯಿಂದ ಹಿಂದೆ ಬಗ್ಗಿ ನೋಡಿದೆ. ಬಿಸಿಗಾಳಿ ಬರುವ ಜಾಗದಿಂದ ಒಂದು ಅಡಿ ದೂರದಲ್ಲಿ, ಸ್ಟೂಲಿನ ಮೇಲೆ, ಮಗಳ ಸ್ಕೂಲಿನ ನಾಲ್ಕು ಜೊತೆ ಸಾಕ್ಸು ಸಾಲಾಗಿ ಹರಡಿದ್ದವು. ಮುಟ್ಟಿ ನೋಡಿದೆ. ಮೂರು ಜೊತೆ ಒಣಗಿದ್ದವು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಊಟ ಆಗಲು ಇನ್ನೂ ಹೊತ್ತಿದೆ. ಇನ್ನೊಂದು ಅರ್ಧ ಗಂಟೆ ಆಡಿ" ಎಂದು ಯೂನಿಫಾರ್ಮಿನ ಲಂಗ ತರಲು ಹೋದಳು.